ಮಕ್ಕಳ ಕಾಲಲ್ಲಿ ಬಾಲ್ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ಬಡಾವಣೆಯ 14 ಮಕ್ಕಳಿಗೆ ಸಂಜೆ ಹೊತ್ತು ಫುಟ್‌ಬಾಲ್ ಹೇಳಿಕೊಡುತ್ತೇನೆ. 9ರಿಂದ 11 ವರ್ಷದವರು. ಓಡುವುದರಲ್ಲಿ ಒಬ್ಬರಿಗಿಂತ ಒಬ್ಬರು ಜೋರು, ಆದರೆ ಪಾಸ್ ಬಂತು ಅಂದ್ರೆ ಬಾಲ್ ಕಾಲಿಗೆ ಬಡಿದು ನಾಲ್ಕು ಮಾರು ದೂರ ಹೋಗುತ್ತದೆ. ನಮ್ಮದು ಹುಲ್ಲಿಲ್ಲದ ಗಟ್ಟಿ ನೆಲ. ಇರುವುದು ಮೂರು ಬಾಲ್, ಮೂರೂ 5ನೇ ಸೈಜು. ಸಾಲಾಗಿ ನಿಲ್ಲಿಸಿ ಡ್ರಿಬ್ಲಿಂಗ್ (ಬಾಲನ್ನು ಕಾಲಲ್ಲೇ ತಳ್ಳುತ್ತಾ ಓಡುವುದು) ಮಾಡಿಸುತ್ತಿದ್ದೇನೆ. ಎರಡು ತಿಂಗಳಾಯ್ತು, ಏನೂ ಸುಧಾರಿಸಿಲ್ಲ.

ಉತ್ತರ 1:
ಮೊದಲು ಬಾಲ್ ಬದಲಾಯಿಸಿ ಸಾರ್. ಈ ವಯಸ್ಸಿಗೆ 4ನೇ ಸೈಜು ಸರಿ. 5ನೆಯದು ದೊಡ್ಡವರ ಬಾಲ್, 410ರಿಂದ 450 ಗ್ರಾಂ ತೂಗುತ್ತದೆ, ಪುಟ್ಟ ಕಾಲಿಗೆ ಭಾರ. ಗಟ್ಟಿ ನೆಲದಲ್ಲಿ ಪುಟಿಯುವುದೂ ಜಾಸ್ತಿ, ಅದಕ್ಕೆ ಗಾಳಿ ಸ್ವಲ್ಪ ಕಮ್ಮಿ ಇರಲಿ. ಮತ್ತೆ ಆ ಸಾಲು ಬಿಡಿ. 14 ಮಕ್ಕಳಿಗೆ ಮೂರು ಬಾಲ್ ಅಂದ್ರೆ ಒಂದು ಗಂಟೆಯಲ್ಲಿ ಒಬ್ಬೊಬ್ಬರಿಗೆ 13 ನಿಮಿಷವೂ ಸಿಗುವುದಿಲ್ಲ, ಉಳಿದ ಹೊತ್ತು ಸುಮ್ನೆ ನಿಂತಿರುತ್ತಾರೆ ಅಲ್ವಾ? ಮನೆಯಲ್ಲಿರುವ ರಬ್ಬರ್ ಬಾಲ್ ಆದರೂ ತರಲಿ, ಪ್ರತಿಯೊಬ್ಬರ ಕಾಲಲ್ಲೂ ಒಂದು ಬಾಲ್ ಇರಬೇಕು.

ಉತ್ತರ 2 (ಚಿತ್ರದುರ್ಗದಿಂದ):
ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಮಕ್ಕಳ ನಿಜವಾದ ತೊಂದರೆ ಫಸ್ಟ್ ಟಚ್, ಅಂದ್ರೆ ಬಂದ ಬಾಲನ್ನು ಮೊದಲ ಸಲ ಕಾಲಿಗೆ ತಾಗಿದಾಗಲೇ ಹಿಡಿತಕ್ಕೆ ತರುವುದು ಅನ್ನಿಸುತ್ತದೆ. ಗಾರೆ ಕೆಲಸದವರು ಎಸೆದ ಇಟ್ಟಿಗೆ ಹಿಡಿಯುವುದನ್ನು ನೋಡಿದ್ದೀರಲ್ಲ, ಇಟ್ಟಿಗೆ ತಾಗುವ ಹೊತ್ತಿಗೆ ಕೈ ಹಿಂದಕ್ಕೆ ಸರಿದಿರುತ್ತದೆ. ಕಾಲೂ ಹಾಗೇ. ಪಾದದ ಒಳಮಗ್ಗುಲು ಬಾಲ್ ಕಡೆ ತಿರುಗಿಸಿ, ತಾಗಿದ ತಕ್ಷಣ ಕಾಲು ಒಂದು ಗೇಣು ಹಿಂದಕ್ಕೆ. ನನ್ನ ಹತ್ತಿರ ಬರುವ ಒಬ್ಬಳು ಹುಡುಗಿ ಬಾಲ್ ಬರುವಾಗ ಉಸಿರು ಬಿಗಿ ಹಿಡಿದು ಮಂಡಿ ಸೆಟೆಸಿಬಿಡುತ್ತಿದ್ದಳು. ಮಂಡಿ ಸಡಿಲ ಬಿಡು ಮಗಳೇ ಅಂತ ಅದೊಂದನ್ನೇ ಹೇಳಿದೆ. ಗೋಡೆಗೆ ಒದ್ದು ವಾಪಸ್ ಬಂದದ್ದನ್ನು ನಿಲ್ಲಿಸುವುದು, ಬಲಗಾಲಲ್ಲಿ 50, ಎಡಗಾಲಲ್ಲಿ 50, ದಿನಾ. ಮೂರನೇ ವಾರಕ್ಕೆ ಬಾಲ್ ಅವಳ ಕಾಲ ಬುಡದಲ್ಲೇ ನಿಲ್ಲತೊಡಗಿತು. ಎಡಗಾಲನ್ನು ಮಾತ್ರ ಬಿಡಬೇಡಿ, ದೊಡ್ಡವರಾದ ಮೇಲೆ ಕಲಿಸುವುದು ಬಹಳ ಕಷ್ಟ.

ಉತ್ತರ 3:
ಡ್ರಿಬ್ಲಿಂಗ್ ಮಾಡುವಾಗ ತಲೆ ಎತ್ತುವುದನ್ನೂ ಕಲಿಸಿ. ನೀವು ಬೆರಳು ತೋರಿಸಿ, ಎಷ್ಟು ಅಂತ ಅವರು ಕೂಗಲಿ. ಕೊನೆಗೆ ಸಣ್ಣ ಜಾಗದಲ್ಲಿ ಮೂರು ಮೂರು ಜನರ ಮ್ಯಾಚ್ ಆಡಿಸಿ.

ಪ್ರಶ್ನೆ ಕೇಳಿದವರು:
ಇಟ್ಟಿಗೆ ಮಾತು ಇವತ್ತೇ ಹೇಳಿ ನೋಡಿದೆ. ಒಬ್ಬ ಹುಡುಗನ ಅಪ್ಪ ಗಾರೆ ಕೆಲಸದವರೇ, ಅವನೇ ಎಲ್ಲರಿಗೂ ಮಾಡಿ ತೋರಿಸಿದ. 4ನೇ ಸೈಜಿನ ಬಾಲ್ ನಾಳೆ ತರುತ್ತೇನೆ.