ಡಿಕ್ಕಿಲಿ ಹಾಕ್ಬಿಟ್ರೆ ಸಾಕಾಗಲ್ಲ ಪುಟ್ಟಿ

ಪುಟ್ಟಿ, ನೀನು ಬೆಳಗ್ಗೆ ಗ್ರೂಪಲ್ಲಿ ಹಾಕಿದ್ಯಲ್ಲ ಆ ರೆಡಿಮೇಡ್ ಎಮರ್ಜೆನ್ಸಿ ಕಿಟ್ ಫೋಟೋ, "ಮಾಮ, ಕಾರಲ್ಲಿಡೋಕೆ ಇದು ತಗೊಳ್ಲಾ, ಇಷ್ಟೆಲ್ಲಾ ಬೇಕಾ" ಅಂತ, ಅದಕ್ಕೆ ಭಾವ "ತಗೊಂಡು ಡಿಕ್ಕಿಲಿ ಹಾಕ್ಬಿಡು, ಇರ್ಲಿ" ಅಂದಿದಾರೆ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಕೇಳು. ಭಾವ, ಬೇಜಾರು ಮಾಡ್ಕೋಬೇಡಿ, ಆದ್ರೆ ಆ ಡಿಕ್ಕಿ ಮಾತಿಗೆ ನಾನು ಒಪ್ಪಲ್ಲ. ಏನೇನಿದೆ ಅನ್ನೋದಕ್ಕಿಂತ ಬೇಕಾದಾಗ ಕೈಗೆ ಸಿಗುತ್ತಾ ಅನ್ನೋದೇ ಮುಖ್ಯ.

ಒಂದು ಕೆಲ್ಸ ಮಾಡು, ಈಗ್ಲೇ ಬೇಕಾದ್ರೆ ಮಾಡು. ಡ್ರೈವರ್ ಸೀಟಲ್ಲಿ ಕೂತು ಬೆಲ್ಟ್ ಹಾಕ್ಕೊಂಡು, ಬೆಲ್ಟನ್ನ ಒಂದ್ಸಲ ಜೋರಾಗಿ ಎಳೆದು ಲಾಕ್ ಮಾಡು, ಆಮೇಲೆ ಕಣ್ಮುಚ್ಚಿ ಕೈ ಚಾಚು. ಎಷ್ಟು ದೂರ ಹೋಗುತ್ತೆ ನೋಡು, ಗ್ಲೋವ್ ಬಾಕ್ಸ್ ಕೂಡ ಎಟುಕೋದು ಕಷ್ಟ. ಆಕ್ಸಿಡೆಂಟಾಗಿ ಬೆಲ್ಟ್ ಬಿಗಿದುಕೊಂಡಾಗ ನಿನ್ನ ಹತ್ರ ಇರೋ ಜಾಗ ಅಷ್ಟೇ. ಹಾಗಾಗಿ ಬೆಲ್ಟ್ ಕತ್ತರಿಸೋ ಕಟ್ಟರ್, ಗ್ಲಾಸ್ ಒಡೆಯೋದು, ಎರಡೂ ಆ ಅಳತೆ ಒಳಗೇ ಇರ್ಬೇಕು, ಅದೂ ಸುಮ್ನೆ ಡೋರ್ ಪಾಕೆಟ್ಟಲ್ಲಿ ಬಿಸಾಕಿದ್ರೆ ಗಾಡಿ ಪಲ್ಟಿ ಹೊಡೆದ್ರೆ ಎಲ್ಲಿಗೋ ಹಾರಿಹೋಗುತ್ತೆ, ಕ್ಲಿಪ್ ಹಾಕಿ ಅಥವಾ ವೆಲ್ಕ್ರೋ ಅಂಟಿಸಿ ಒಂದೇ ಜಾಗದಲ್ಲಿ ಕೂರಿಸು. ಇನ್ನೊಂದು, ಮುಂದಿನ ಗ್ಲಾಸನ್ನ ಹೊಡೀಬೇಡ, ಅದು ಲ್ಯಾಮಿನೇಟೆಡ್, ಅಂದ್ರೆ ಎರಡು ಗ್ಲಾಸ್ ಮಧ್ಯೆ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ಬಿರುಕು ಬಿಡುತ್ತೆ ಅಷ್ಟೇ, ಪುಡಿಯಾಗಿ ಬೀಳಲ್ಲ. ಸೈಡ್ ಗ್ಲಾಸ್ ಸಾಮಾನ್ಯವಾಗಿ ಟೆಂಪರ್ಡ್ ಇರುತ್ತೆ, ಅಂದ್ರೆ ಒಡೆದ್ರೆ ಪುಡಿಪುಡಿ ಆಗೋದು, ಮಧ್ಯಕ್ಕಲ್ಲ, ಮೂಲೆ ಹತ್ರ ಹೊಡೀಬೇಕು. ಆದ್ರೆ ಈಗಿನ ಕೆಲವು ಕಾರಲ್ಲಿ ಮುಂದಿನ ಸೈಡ್ ಗ್ಲಾಸೂ ಲ್ಯಾಮಿನೇಟೆಡ್ ಬರ್ತಿದೆ, ಗ್ಲಾಸ್ ಮೂಲೆಲಿ ಸಣ್ಣಕ್ಷರದಲ್ಲಿ ಒತ್ತಿರ್ತಾರೆ, ನಿನ್ನ ಕಾರಲ್ಲಿ ಯಾವ ಗ್ಲಾಸ್ ಯಾವುದು ಅಂತ ಓದ್ಕೊಂಡು ಇಟ್ಕೋ. ಸುತ್ತಿಗೆ ಥರದ್ದಕ್ಕಿಂತ ಸ್ಪ್ರಿಂಗ್ ಇರೋದು ತಗೋ, ಒತ್ತಿದ್ರೆ ಟಕ್ ಅಂತ ಹೊಡೆಯೋದು, ಯಾಕಂದ್ರೆ ನೀರೊಳಗೆ ಕೈ ಬೀಸೋಕೆ ಆಗಲ್ಲ.

ನೀರಿನ ವಿಷಯ ಬಂತು ಅಂತ ಹೇಳ್ತೀನಿ, ಇದನ್ನ ಎಲ್ರೂ ಕೇಳಿ. ಗಾಡಿ ನೀರಿಗೆ ಬಿದ್ರೆ ಡೋರ್ ತೆಗೆಯೋಕೆ ಗುದ್ದಾಡಬೇಡಿ, ಫೋನಂತೂ ಬೇಡ್ವೇ ಬೇಡ. ಬೆಲ್ಟ್ ಬಿಚ್ಚಿ, ತಕ್ಷಣ ಕಿಟಕಿ ಇಳಿಸಿ, ಮಕ್ಕಳನ್ನ ಮೊದ್ಲು ಕಳ್ಸಿ, ನೀವೂ ಕಿಟಕಿಯಿಂದ್ಲೇ ಹೊರಗೆ ಬನ್ನಿ. ಮೊದಮೊದ್ಲು ಗಾಡಿ ತೇಲುತ್ತೆ, ಪವರ್ ವಿಂಡೋನೂ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಕೆಲ್ಸ ಮಾಡುತ್ತೆ, ಆದ್ರೆ ನೀರು ಕಿಟಕಿ ಮಟ್ಟಕ್ಕೆ ಬಂದ್ಮೇಲೆ ಒತ್ತಡಕ್ಕೆ ಗ್ಲಾಸ್ ಇಳಿಯಲ್ಲ. ಸುಮಾರು ಒಂದು ನಿಮಿಷ ಸಿಗುತ್ತೆ ಅಂದ್ಕೊಳ್ಳಿ, ಅದರೊಳಗೆ ಮುಗೀಬೇಕು.

ಫೈರ್ ಎಕ್ಸ್‌ಟಿಂಗ್ವಿಶರೂ ಡಿಕ್ಕಿಲಿ ಬೇಡ, ಸೀಟ್ ಮುಂದೆ ಕೆಳಗಡೆ ಬ್ರಾಕೆಟ್ ಹಾಕಿಸಿ ಕೂರಿಸು. 1 ಕೆಜಿ ಪೌಡರ್ ಸಿಲಿಂಡರ್ ಒತ್ತಿದ್ರೆ ಹತ್ತು ಸೆಕೆಂಡ್ ಆಸುಪಾಸಲ್ಲಿ ಖಾಲಿ, ಅದಕ್ಕೆ ಬೆಂಕಿ ಸಣ್ಣದಿದ್ದಾಗ ಮಾತ್ರ ಉಪಯೋಗ. ಬಾನೆಟ್ ಪೂರ್ತಿ ಎತ್ತಬೇಡ, ಗಾಳಿ ನುಗ್ಗಿ ಭಗ್ ಅಂತ ಮುಖಕ್ಕೇ ಬರುತ್ತೆ, ಒಳಗಿಂದ ಲಿವರ್ ಎಳೆದು ಸಂದು ಬಿಟ್ಟುಕೊಂಡಿರುತ್ತಲ್ಲ, ಅಲ್ಲಿಂದ್ಲೇ ಹೊಡಿ. ಆರ್ಲಿಲ್ವಾ, ಗಾಡಿ ಹೋದ್ರೆ ಹೋಗ್ಲಿ, ದೂರ ಓಡು. ಎಲೆಕ್ಟ್ರಿಕ್ ಗಾಡಿ ಬ್ಯಾಟರಿ ಹೊತ್ಕೊಂಡ್ರಂತೂ ಇದ್ರಿಂದ ಏನೂ ಆಗಲ್ಲ, ಇಳಿದು ಹೋಗೋದೇ. ಆಗಾಗ ಮೀಟರ್ ಮುಳ್ಳು ಹಸಿರಲ್ಲಿದ್ಯಾ ನೋಡು, ಹಾಗೇ ತಲೆಕೆಳಗೆ ಮಾಡಿ ಒಂದ್ಸಲ ಅಲ್ಲಾಡ್ಸು, ಗಾಡಿ ಓಡಿ ಓಡಿ ಪೌಡರ್ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತೆ.

ಈಗ ಡಿಕ್ಕಿ ವಿಷಯಕ್ಕೆ ಬರ್ತೀನಿ ಭಾವ. ಈಗಿನ ತುಂಬಾ ಕಾರಲ್ಲಿ ಡಿಕ್ಕಿ ಲಾಕ್ ಕರೆಂಟಲ್ಲಿ ಓಪನ್ ಆಗೋದು, ಕೀ ಹಾಕೋ ತೂತೇ ಇರಲ್ಲ. ಬ್ಯಾಟರಿ ಡೌನ್ ಆಯ್ತು ಅಂದ್ರೆ ಡಿಕ್ಕಿ ತೆಗೆಯಲ್ಲ, ಬೇರೆ ಗಾಡಿ ಬ್ಯಾಟರಿಯಿಂದ ಕರೆಂಟ್ ತಗೊಂಡು ಸ್ಟಾರ್ಟ್ ಮಾಡೋ ಜಂಪ್ ಕೇಬಲ್ ಅದರೊಳಗೇ! ಹಿಂದಿನ ಸೀಟ್ ಮಡಚಿ ಒಳಗೆ ತೂರಬೇಕು. ಅದಕ್ಕೆ ಕೇಬಲ್ ಮುಂದಿನ ಸೀಟ್ ಕೆಳಗಿರ್ಲಿ. ನಿನ್ನ ರಿಮೋಟ್ ಕೀ ಒಳಗೆ ಒಂದು ಸಣ್ಣ ಕಬ್ಬಿಣದ ಕೀ ಇರುತ್ತೆ, ಡೋರಲ್ಲಿ ಅದಕ್ಕೆ ತೂತು ಎಲ್ಲಿದೆ ಅಂತ್ಲೂ ಈಗ್ಲೇ ಹುಡುಕಿಟ್ಕೋ, ಕೆಲವು ಕಾರಲ್ಲಿ ಹ್ಯಾಂಡಲ್ ಮೇಲೆ ಕ್ಯಾಪ್ ಮುಚ್ಚಿರ್ತಾರೆ.

ಆ ಕಿಟ್ಟಲ್ಲಿರೋ ಕೇಬಲ್ ನಂಗೆ ಇಷ್ಟ ಆಗ್ಲಿಲ್ಲ. ಮೇಲಿನ ಪ್ಲಾಸ್ಟಿಕ್ ದಪ್ಪ ಇರುತ್ತೆ, ಒಳಗಿನ ತಂತಿ ಸಣ್ಣ, ಸ್ಟಾರ್ಟ್ ಹೊಡೆದ ತಕ್ಷಣ ಕಾಯುತ್ತೆ, ಗಾಡಿ ಸ್ಟಾರ್ಟೇ ಆಗಲ್ಲ. ಬೇರೆ ತಗೋ, 16 ಚದರ ಮಿಲಿಮೀಟರ್ ಆದ್ರೂ ಇರ್ಲಿ, ಡೀಸೆಲ್ ಗಾಡಿಗೆ 25. ಹಾಕೋ ಕ್ರಮ ಹೇಳ್ತೀನಿ: ಕೆಂಪು ಮೊದ್ಲು ಸತ್ತ ಬ್ಯಾಟರಿ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿ ಪ್ಲಸ್‌ಗೆ, ಆಮೇಲೆ ಕಪ್ಪು ಒಳ್ಳೆ ಬ್ಯಾಟರಿ ಮೈನಸ್‌ಗೆ, ಕೊನೇ ಕ್ಲಿಪ್ ಮಾತ್ರ ಸತ್ತ ಬ್ಯಾಟರಿಗೆ ಹಾಕ್ಬಾರ್ದು, ಇಂಜಿನ್ನಲ್ಲಿ ಪೇಂಟಿಲ್ಲದ ಗಟ್ಟಿ ಲೋಹದ ಜಾಗಕ್ಕೆ ಹಾಕು. ಕೊನೇ ಕ್ಲಿಪ್ ಮುಟ್ಟಿಸ್ದಾಗ ಕಿಡಿ ಬರುತ್ತೆ, ಬ್ಯಾಟರಿ ಹತ್ರ ಬೆಂಕಿ ಹತ್ಕೊಳ್ಳೋ ಹೈಡ್ರೋಜನ್ ಗ್ಯಾಸ್ ಇರಬಹುದು, ಅದಕ್ಕೇ ದೂರ. ಬಿಚ್ಚುವಾಗ ಇದೇ ಉಲ್ಟಾ.

ಸ್ಟೆಪ್ನಿ ಇದ್ಯಾ ನಿನ್ನ ಕಾರಲ್ಲಿ? ಮೊದ್ಲು ನೋಡು, ಕೆಲವರಿಗೆ ಪಂಕ್ಚರ್ ಆದ್ಮೇಲೇ ಗೊತ್ತಾಗೋದು ಅಲ್ಲಿ ಬರೀ ತೂತು ಮುಚ್ಚೋ ಒಂದು ಡಬ್ಬಿ ಸೀಲೆಂಟ್, ಗಾಳಿ ತುಂಬೋ ಒಂದು ಕಂಪ್ರೆಸರ್ ಅಷ್ಟೇ ಇರೋದು ಅಂತ. ಆ ಸೀಲೆಂಟ್‌ಗೆ ಎಕ್ಸ್‌ಪೈರಿ ಡೇಟ್ ಇರುತ್ತೆ, ಟೈರ್ ಪಕ್ಕದ ಗೋಡೆ ಸೀಳಿದ್ರೆ ಅದು ಉಪಯೋಗಕ್ಕೆ ಬರಲ್ಲ. ಸಣ್ಣ ಸ್ಟೆಪ್ನಿ ಇದ್ರೆ ಅದಕ್ಕೆ ಗಾಳಿ ಬೇರೆ ಲೆಕ್ಕ, ಸಾಮಾನ್ಯವಾಗಿ 60 ಪಿಎಸ್‌ಐ (ಗಾಳಿ ಒತ್ತಡದ ಅಳತೆ), ಸ್ಪೀಡ್ ಗಂಟೆಗೆ 80 ಕಿ.ಮೀ. ದಾಟಬಾರ್ದು, ಟೈರ್ ಮೇಲೇ ಬರೆದಿರುತ್ತೆ. ನಾಲ್ಕು ಟೈರಿಗೆ ಗಾಳಿ ಹಾಕಿಸ್ದಾಗ ಐದನೇದನ್ನ ಯಾರೂ ಕೇಳಲ್ಲ, ನೀನು ಕೇಳಿ ಹಾಕ್ಸು. ನಟ್ಟುಗಳನ್ನ ಗ್ಯಾರೇಜಲ್ಲಿ ನಟ್ ಬಿಗಿಯೋ ಗನ್ ಹಿಡಿದು ಬಿಗಿದಿರ್ತಾರೆ, ಕಾರ್ ಜೊತೆ ಬರೋ ಸಣ್ಣ ಪಾನಾಗೆ ಜಗ್ಗಲ್ಲ, ಉದ್ದ ಹಿಡಿ ಇರೋದು ಒಂದು ತಗೋ. ಅಲಾಯ್ ವೀಲ್‌ಗೆ ಕಳ್ಳತನ ಆಗ್ದಿರೋ ಥರ ಲಾಕ್ ನಟ್ ಇದ್ರೆ ಅದರ ಅಡಾಪ್ಟರ್ ಎಲ್ಲಿದೆ ನೋಡ್ಕೋ, ಅದು ಕಳೆದ್ರೆ ಚಕ್ರ ಬಿಚ್ಚೋಕೇ ಆಗಲ್ಲ. ಜಾಕ್ ಎತ್ತೋಕೆ ಮುಂಚೆನೇ ನಟ್ ಸಡಿಲ ಮಾಡು, ಎತ್ತಿದ್ಮೇಲೆ ಚಕ್ರ ಸುತ್ತುತ್ತೆ. ಒಂದು ದಪ್ಪ ಹಲಗೆ ತುಂಡು ಇಟ್ಕೋ, ಮೆತ್ತಗಿರೋ ಮಣ್ಣಲ್ಲಿ ಜಾಕ್ ಹೂತುಹೋಗದ ಹಾಗೆ. ಜಾಕ್ ಮೇಲಿರೋ ಗಾಡಿ ಕೆಳಗೆ ಕೈ ತಲೆ ಯಾವುದೂ ಹೋಗ್ಬಾರ್ದು.

ಆದ್ರೆ ರೋಡ್ ಪಕ್ಕ ಚಕ್ರ ಬದಲಾಯಿಸೋದಕ್ಕಿಂತ ಮುಂಚೆ ಜೀವ. ವೇಗವಾಗಿ ಗಾಡಿಗಳು ಬರೋ ರೋಡಾದ್ರೆ ಎಲ್ರೂ ಟ್ರಾಫಿಕ್ ಇಲ್ಲದ ಕಡೆಯಿಂದ ಇಳಿದು ಬೇಲಿ ಆಚೆ ನಿಲ್ಲಿ, ಕಾರೊಳಗೆ ಕೂರ್ಬೇಡಿ. ರಿಫ್ಲೆಕ್ಟರ್ ಜಾಕೆಟ್ ಸೀಟ್ ಹತ್ರ ಇರ್ಲಿ, ಹಾಕ್ಕೊಂಡೇ ಇಳೀಬೇಕು, ಅದನ್ನ ತರೋಕೆ ಅಂತ ಡಿಕ್ಕಿ ತನಕ ಕತ್ತಲಲ್ಲಿ ನಡೆಯೋದು ಯಾಕೆ. ತ್ರಿಕೋನದ ರಿಫ್ಲೆಕ್ಟರ್ ಇಡೋಕೆ ಹೋಗುವಾಗ ಅದನ್ನ ಎದೆ ಮುಂದೆ ಬರೋ ಗಾಡಿ ಕಡೆಗೆ ಹಿಡ್ಕೊಂಡು ನಡಿ, ತಿರುವು ಇದ್ರೆ ತಿರುವಿಗೆ ಮುಂಚೆನೇ ಇಡು. ಟಾರ್ಚ್ ಬದ್ಲು ತಲೆಗೆ ಕಟ್ಟೋ ಲೈಟ್ ತಗೋ, ಎರಡೂ ಕೈ ಖಾಲಿ ಇರುತ್ತೆ. ಮಾಮೂಲಿ ಸೆಲ್ ಒಳಗೇ ಬಿಟ್ರೆ ಸೋರಿ ಲೈಟೇ ಹಾಳಾಗುತ್ತೆ, ಲಿಥಿಯಂ ಎಎ ಸೆಲ್ ಹಾಕು, ಇಲ್ಲಾ ಸೆಲ್ ಬಿಚ್ಚಿ ಪಕ್ಕದಲ್ಲಿಡು.

ಫಸ್ಟ್ ಏಡ್ ಬಾಕ್ಸಲ್ಲಿ ಸಣ್ಣ ಸಣ್ಣ ಪ್ಲಾಸ್ಟರ್ ಇಪ್ಪತ್ತು ಇಟ್ಟು ಬಟ್ಟೆ ಒಂದೂ ಇಟ್ಟಿರಲ್ಲ. ದೊಡ್ಡ ಗಾಯಕ್ಕೆ ಬೇಕಾಗಿರೋದು ಗಾಯದ ಮೇಲಿಡೋ ದಪ್ಪ ಗಾಜ್ ಬಟ್ಟೆ, ಅಗಲದ ಬ್ಯಾಂಡೇಜ್, ಗ್ಲೌಸ್. ರಕ್ತ ಬರೋ ಕಡೆ ಗಟ್ಟಿಯಾಗಿ ಒತ್ತಿ ಹಿಡಿಯೋದು, ನಿಂತಿದ್ಯಾ ಅಂತ ತೆಗೆದು ತೆಗೆದು ನೋಡಬಾರ್ದು. ಟೂರ್ನಿಕೆಟ್, ಅಂದ್ರೆ ರಕ್ತ ನಿಲ್ಸೋಕೆ ಕೈಕಾಲಿಗೆ ಬಿಗಿಯಾಗಿ ಕಟ್ಟೋ ಪಟ್ಟಿ, ಇಡೋದಾದ್ರೆ ಕಟ್ಟೋದು ಯಾರಾದ್ರೂ ಗೊತ್ತಿರೋರ ಹತ್ರ ಕಲ್ತು ಇಡು. ಫಾಯಿಲ್ ಬ್ಲಾಂಕೆಟ್ ಒಂದೆರಡು, ಅಂಗೈಯಷ್ಟೇ ಜಾಗ ತಗೊಳ್ಳುತ್ತೆ, ಗಾಯ ಆದೋರಿಗೆ ಮೈ ತಣ್ಣಗಾಗದಂತೆ ಹೊದ್ಸೋಕೆ. ವಿಶಲ್ ಒಂದು, ಮೂರು ಸಲ ಊದಿದ್ರೆ ಸಹಾಯ ಬೇಕು ಅಂತ ಅರ್ಥ. ಹಾಂ, ಭಾರದ ಸಾಮಾನೆಲ್ಲ ಕಟ್ಟಿಡು, ಜೋರಾಗಿ ಗುದ್ದಿದಾಗ ಸಡಿಲವಾಗಿರೋ ಜಾಕೇ ತಲೆಗೆ ಬಂದು ಬೀಳುತ್ತೆ.

ಅಕ್ಕ, ನೀನು ಬಿಪಿ ಮಾತ್ರೆ ಒಂದು ಶೀಟ್ ಕಾರಲ್ಲೇ ಬಿಡ್ಲಾ ಅಂತ ಕೇಳಿದ್ದೆ. ಬಿಡ್ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ 60 ಡಿಗ್ರಿ ಮುಟ್ಟೋದುಂಟು, ಮಾತ್ರೆ ಕವರ್ ಮೇಲೆ 25 ಇಲ್ಲಾ 30 ಡಿಗ್ರಿ ಒಳಗಿಡಿ ಅಂತ ಬರೆದಿರ್ತಾರೆ. ಪವರ್ ಬ್ಯಾಂಕ್, ಬ್ಯಾಟರಿ ಇರೋ ಜಂಪ್ ಸ್ಟಾರ್ಟರ್, ಸ್ಪ್ರೇ ಡಬ್ಬಿ ಇವೂ ಹಾಗೇನೇ, ಇಳಿಯುವಾಗ ಜೊತೇಲಿ ಬರ್ಬೇಕು. ಒಂದು ಸಣ್ಣ ಬ್ಯಾಗ್ ಮಾಡಿ ಮಾತ್ರೆ, ಪವರ್ ಬ್ಯಾಂಕ್, ಚಾರ್ಜರ್ ವೈರ್, ನಮ್ಮೆಲ್ರ ನಂಬರ್ ಬರೆದ ಚೀಟಿ ಅದರಲ್ಲಿ ಹಾಕಿ ಕಾರ್ ಕೀ ನೇತುಹಾಕೋ ಮೊಳೆಗೇ ಸಿಕ್ಕಿಸು. ಪುಟ್ಟಿ, ನೀನು ಆ ಗ್ಲಾಸ್ ಮೂಲೆಲಿ ಏನು ಬರೆದಿದೆ ಅಂತ ಫೋಟೋ ತೆಗೆದು ಕಳ್ಸು, ಯಾವ ಕಿಟಕಿ ಒಡೀಬಹುದು ನೋಡಿ ಹೇಳ್ತೀನಿ.