ಪದ ಬೇಕು, ಸೋಮವಾರದೊಳಗೆ: ಸ್ಲ್ಯೂ ರೇಟ್‌ಗೆ ಏನನ್ನೋಣ?

ಕೇಳಿಕೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಡಿಪ್ಲೊಮಾ ಲ್ಯಾಬಿನ ಗೋಡೆಗೆ ಒಂದು ಕನ್ನಡ ಬೋರ್ಡ್ ಮಾಡಿಸುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ವಿಷಯ, ಜಾಸ್ತಿ ಕರೆಂಟ್ ಎಳೆಯದೆ ಆಂಪ್ಲಿಫೈಯರನ್ನು ಚುರುಕು ಮಾಡುವುದು. ಪವರ್ ಕನ್ಸಂಪ್ಷನ್‌ಗೆ ಸದ್ಯ 'ಕರೆಂಟ್ ಖರ್ಚು' ಅಂತ ಬರೆದುಕೊಂಡಿದ್ದೇನೆ. ಸ್ಲ್ಯೂ ರೇಟ್‌ಗೆ, ಅಂದರೆ ಔಟ್‌ಪುಟ್ ವೋಲ್ಟೇಜ್ ಹೆಚ್ಚೆಂದರೆ ಎಷ್ಟು ಬೇಗ ಬದಲಾಗಬಲ್ಲದು ಅನ್ನುವುದಕ್ಕೆ ಮಾತ್ರ ಏನೂ ಹೊಳೆಯುತ್ತಿಲ್ಲ.

ಬರೀ 'ವೇಗ' ಅಂದರೆ ಹುಡುಗರು ಬ್ಯಾಂಡ್‌ವಿಡ್ತ್ (ಆಂಪ್ಲಿಫೈಯರ್ ಎಷ್ಟು ಫ್ರೀಕ್ವೆನ್ಸಿವರೆಗೆ ಕೆಲಸ ಮಾಡುತ್ತದೆ ಅನ್ನುವುದು) ಅಂದುಕೊಳ್ಳುತ್ತಾರೆ. ಎರಡೂ ಬೇರೆ ಅಲ್ವಾ? ಬೋರ್ಡಿನ ಕೆಳಗೆ ವೋಲ್ಟೇಜಿನ ಗೆರೆ ತೋರಿಸುವ ಆಸಿಲೋಸ್ಕೋಪ್ ಇರುತ್ತದೆ. 741 ಅನ್ನುವ ಆಂಪ್ಲಿಫೈಯರ್ ಚಿಪ್ಪಿಗೆ ಚೌಕ ಅಲೆ ಕೊಟ್ಟು 10 ವೋಲ್ಟ್ ಜಿಗಿ ಅಂದರೆ ಅದು ಜಿಗಿಯುವುದಿಲ್ಲ, ಹತ್ತುತ್ತದೆ. ಮೈಕ್ರೊಸೆಕೆಂಡಿಗೆ ಅರ್ಧ ವೋಲ್ಟ್. ಮೇಲೆ ಮುಟ್ಟಲು 20 ಮೈಕ್ರೊಸೆಕೆಂಡ್ ಬೇಕು. ಪರದೆ ಮೇಲೆ ಗೋಡೆ ಕಾಣಬೇಕಾದ ಕಡೆ ಒರಗಿಸಿಟ್ಟ ಏಣಿ ಕಾಣುತ್ತದೆ. ಅದೇ ಸಾಕೆಟ್ಟಿಗೆ ಟಿಎಲ್081 ಅನ್ನುವ ಇನ್ನೊಂದು ಆಂಪ್ಲಿಫೈಯರ್ ಚಿಪ್ ಹಾಕಿ, ಏಣಿ ನೆಟ್ಟಗೆ ನಿಲ್ಲುತ್ತದೆ. ಅದು ಮೈಕ್ರೊಸೆಕೆಂಡಿಗೆ ಸುಮಾರು 13 ವೋಲ್ಟ್ ಓಡುತ್ತದೆ. ಕರೆಂಟ್ ನೋಡಿದರೆ 741ಕ್ಕೆ 1.7 ಮಿಲಿಆಂಪಿಯರ್, ಇದಕ್ಕೆ 1.4. ಆ ಏಣಿ ಎಷ್ಟು ಕಡಿದಾಗಿದೆ ಅನ್ನುವುದಕ್ಕೆ ಪದ ಬೇಕು.

ಉತ್ತರ (ಬಾಗಲಕೋಟೆ)

'ಏರುಬಿರುಸು'. ಮುಗಿಯಿತು. ಬಿರುಗಾಳಿ, ಬಿರುಮಳೆ, ಬಿರುಬಿಸಿಲು, ಎಲ್ಲದರಲ್ಲೂ ಬಿರು ಅಂದರೆ ಜೋರು. ಕನ್ನಡದ್ದೇ ಬೇರು ಕೈಯಲ್ಲಿರುವಾಗ ವೇಗ, ದರ, ಪ್ರಮಾಣ ಅಂತ ಹುಡುಕುತ್ತಾ ಹೋಗಬೇಕಿಲ್ಲ. 'ಖರ್ಚು' ತೆಗೆಯಿರಿ, ಅದು ಹೊರಗಿನದು. 'ಬಳಕೆ' ಇದೆ.

ಉತ್ತರ (ವಿಜಯಪುರ)

ಸರ್, 'ಏರುಬಿರುಸು' ನಡೆಯುವುದಿಲ್ಲ. ಮೊದಲನೆಯದು, ವೋಲ್ಟೇಜ್ ಏರುವುದಷ್ಟೇ ಅಲ್ಲ, ಇಳಿಯುವುದೂ ಸ್ಲ್ಯೂನೇ. ಎರಡನೆಯದು, ನಮ್ಮ ಕಡೆ ಬಿರುಸು ಅಂದರೆ ಗಟ್ಟಿ. 'ರೊಟ್ಟಿ ಬಿರಸ ಆಗ್ಯಾವು' ಅಂದರೆ ಜೋರಾಗಿವೆ ಅಂತಲ್ಲ, ಹಲ್ಲಿಗೆ ಕಷ್ಟ ಅಂತ. ಬೆಳಗಾವಿ ಲ್ಯಾಬಿನ ಹುಡುಗ ಅದನ್ನು ಹೇಗೆ ಓದುತ್ತಾನೆ ಯೋಚಿಸಿ. ಯಾರಾದರೂ 'ಏರಿಳಿತ' ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ವೋಲ್ಟೇಜ್ ಏರಿಳಿತ ಅಂದರೆ ಊರಲ್ಲಿ ಮೋಟಾರ್ ಸುಡುವ ವಿಷಯ.

ಇನ್ನು 'ಖರ್ಚು' ಹೊರಗಿನದು ಅನ್ನುವುದು. ಹೌದು, ಅರಬ್ಬಿಯಿಂದ ಫಾರಸಿಗೆ ಹೋಗಿ ನಮ್ಮಲ್ಲಿಗೆ ಬಂದದ್ದು. ಕಾಗದ, ಅರ್ಜಿ, ಜಮೀನು, ದವಾಖಾನೆ ಕೂಡ ಆ ಕಡೆಯವೇ. ಆದಿಲಶಾಹಿ ಆಳಿದ ಊರಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವನ್ನೆಲ್ಲ ಹೊರಗೆ ಹಾಕಿದರೆ ಸಂತೆಯಲ್ಲಿ ಯಾರ ಹತ್ತಿರವೂ ಮಾತಾಡಲಾಗದು. ಖರ್ಚು ನಮ್ಮ ಮನೆಯ ಪದ.

ನನ್ನ ಸಲಹೆ 'ಓಟ'. ಓಡು ಇಂದ ಓಟ. ಆಡು ಆಟ, ನೋಡು ನೋಟ, ಕೂಡು ಕೂಟ, ಇವೆಲ್ಲ ಒಂದೇ ಸಾಲಿನವು. ಈ ಸಾಲಿನಲ್ಲಿ ಹುಟ್ಟಿದ ಪದ ಎಲ್ಲಿಟ್ಟರೂ ಕೂರುತ್ತದೆ. ಮೇಲೂ ಓಡಬಹುದು, ಕೆಳಗೂ ಓಡಬಹುದು.

ಉತ್ತರ (ಬಾಗಲಕೋಟೆ)

ಓಟ ಒಪ್ಪಿದೆ. ಖರ್ಚು ಒಪ್ಪುವುದಿಲ್ಲ. ಹಳೆಯ ಸಾಲ ಅಂತ ಸಾಲ ತೀರಿಹೋಗುವುದಿಲ್ಲ. ಇದ್ದ ಪದವನ್ನು ಬಿಟ್ಟು ತಂದ ಪದವನ್ನು ಬೋರ್ಡಿಗೆ ಹಾಕಿದರೆ ಮುಂದಿನ ಹುಡುಗನಿಗೆ 'ಬಳಕೆ' ಮರೆತೇ ಹೋಗುತ್ತದೆ. 'ಬಳಕೆ' ಬರೆಯಿರಿ.

ಕೇಳಿದವನಿಂದ (ಬೆಳಗಾವಿ)

ಇಬ್ಬರಿಗೂ ತುಂಬಾ ಧನ್ಯವಾದ. 'ಓಟ' ಇಟ್ಟುಕೊಳ್ಳುತ್ತೇನೆ. 'ಬಳಕೆ'ಯನ್ನೂ ಇಟ್ಟುಕೊಳ್ಳುತ್ತೇನೆ ಸರ್, ಆದರೆ ಖರ್ಚಿನ ಜಾಗದಲ್ಲಿ ಅಲ್ಲ. ನನ್ನ ಬೋರ್ಡಿಗೆ ಎರಡೂ ಬೇಕು. ಯಾಕೆ ಅಂತ ಹೇಳುತ್ತೇನೆ.

741 ಒಳಗೆ 30 ಪಿಕೊಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಭಾಗ, ಇದೆ. ಔಟ್‌ಪುಟ್ ಓಡಬೇಕಾದರೆ ಅದು ತುಂಬಬೇಕು, ಇಲ್ಲ ಬರಿದಾಗಬೇಕು. ಅದಕ್ಕೆ ಮೊದಲ ಹಂತದ ಟ್ರಾನ್ಸಿಸ್ಟರ್ ಜೋಡಿ ಕೊಡುವುದು ಸುಮಾರು 15 ಮೈಕ್ರೊಆಂಪಿಯರ್. 15ನ್ನು 30ರಿಂದ ಭಾಗಿಸಿ, ಮೈಕ್ರೊಸೆಕೆಂಡಿಗೆ ಅರ್ಧ ವೋಲ್ಟ್ ಬಂತು. ಇಡೀ ಚಿಪ್ ಎಳೆಯುವ ಕರೆಂಟಿನಲ್ಲಿ ಇದು ನೂರಕ್ಕೆ ಒಂದು ಪಾಲೂ ಇಲ್ಲ! ಹಾಗಂತ ಸುಮ್ನೆ ಜಾಸ್ತಿ ಕೊಟ್ಟರೆ ಆ ಟ್ರಾನ್ಸಿಸ್ಟರ್ ಜೋಡಿಯ ಗೇನ್ (ಸಿಗ್ನಲನ್ನು ಹಿಗ್ಗಿಸುವ ಶಕ್ತಿ) ಕೂಡ ಏರಿ, ಆಂಪ್ಲಿಫೈಯರ್ ತಾನೇ ಆಸಿಲೇಟ್ ಆಗತೊಡಗುತ್ತದೆ, ಅಂದರೆ ಔಟ್‌ಪುಟ್ ತಾನಾಗಿಯೇ ಮೇಲೆ ಕೆಳಗೆ ತೂಗಾಡುತ್ತದೆ. ಟಿಎಲ್081ರ ಬಾಗಿಲಲ್ಲಿ, ಅಂದರೆ ಇನ್‌ಪುಟ್‌ನಲ್ಲಿ, ಇರುವುದು ಜೆಫೆಟ್ ಅನ್ನುವ ಬೇರೆ ಬಗೆಯ ಟ್ರಾನ್ಸಿಸ್ಟರ್. ಅಷ್ಟೇ ಕರೆಂಟಿಗೆ ಅದರ ಗೇನ್ ಕಡಿಮೆ. ಹಾಗಾಗಿ ಅದಕ್ಕೆ ಕರೆಂಟಿನ ದೊಡ್ಡ ಪಾಲು ಕೊಟ್ಟರೂ ಆಸಿಲೇಟ್ ಆಗುವುದಿಲ್ಲ. ಕ್ಲಾಸ್ ಎಬಿ ಅನ್ನುವ ಬಗೆಯ ಇನ್‌ಪುಟ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಸುಮ್ಮನಿದ್ದಾಗ ಸ್ವಲ್ಪ ಕರೆಂಟ್, ಜಿಗಿಯುವ ಗಳಿಗೆಯಲ್ಲಿ ಮಾತ್ರ ಪೂರ್ತಿ.

ನಮ್ಮದು ಘಟಪ್ರಭಾ ಕಡೆಯ ಕಬ್ಬಿನ ಹೊಲ. ಮೋಟಾರ್ ಅದೇ, ಬಾವಿ ಅದೇ. ಅಪ್ಪ ಸಲಿಕೆ ಹಿಡಿದು ಒಂದು ಮಡಿಯ ಬಾಯಿ ಮುಚ್ಚಿ, ಒಣಗಿದ ಮಡಿಯ ಬಾಯಿ ತೆರೆಯುತ್ತಿದ್ದರು. ನೀರಿನ ಖರ್ಚು ಅಷ್ಟೇ. ಬಳಕೆ ಬೇರೆ. ಈ ಚಿಪ್ಪಿನಲ್ಲಿ ಆಗುವುದೂ ಅದೇ. 'ಬಳಕೆ ಹೆಚ್ಚಿಸದೆ' ಅಂತ ಬರೆದರೆ ಈ ಮಾತೇ ಸತ್ತುಹೋಗುತ್ತದೆ.

ಬೋರ್ಡಿಗೆ ಹೋಗುವ ಸಾಲು ಹೀಗಿದೆ:

'ಖರ್ಚು ಹೆಚ್ಚಿಸದೆ ಓಟ ಹೆಚ್ಚಿಸುವುದು: ಇರುವ ಕರೆಂಟಿನ ಸರಿಯಾದ ಬಳಕೆ. ಓಟದ ಮಿತಿ, ಅಂದರೆ ಸ್ಲ್ಯೂ ರೇಟ್: ಒಂದು ಮೈಕ್ರೊಸೆಕೆಂಡಿನಲ್ಲಿ ಔಟ್‌ಪುಟ್ ಹೆಚ್ಚೆಂದರೆ ಎಷ್ಟು ವೋಲ್ಟ್ ಓಡಬಲ್ಲದು.'

'ಸ್ಲ್ಯೂ ರೇಟ್' ಪಕ್ಕದಲ್ಲೇ ಇರಲಿ ಅಂತ ಬಿಟ್ಟಿದ್ದೇನೆ. ಡೇಟಾಶೀಟ್ ತೆರೆದಾಗ ಹುಡುಗರ ಕಣ್ಣಿಗೆ ಬೀಳುವುದು ಅದೇ. ತಪ್ಪಿದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ.

ಉತ್ತರ (ಬಾಗಲಕೋಟೆ)

ಮಡಿಯ ಮಾತು ಸರಿ. ಇದೊಂದು ಕಡೆ ಖರ್ಚು ಇರಲಿ. 'ಮಿತಿ' ತೆಗೆದು 'ಎಲ್ಲೆ' ಹಾಕಿ.