ಪಿಕಪ್ ಗಾಡಿಯ ಪಾರ್ಕಿಂಗ್ ಲೈಟ್ ಫ್ಯೂಸ್ ಪದೇ ಪದೇ ಹೋಗುತ್ತಿದೆ, ಎಲ್ಲಿ ಹುಡುಕಲಿ?

ಚಿಂತಾಮಣಿಯಿಂದ ಪ್ರಶ್ನೆ:
ನನ್ನದು 2008ರ ಡೀಸೆಲ್ ಪಿಕಪ್. ಬೆಳಗಿನ ಜಾವ ಟೊಮೆಟೊ ತುಂಬಿಕೊಂಡು ಕೋಲಾರ ಮಾರುಕಟ್ಟೆಗೆ ಹೋಗುತ್ತೇನೆ. ಪಾರ್ಕಿಂಗ್ ಲೈಟಿನ 10 ಆಂಪ್ ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ. ಹೊಸದು ಹಾಕಿದರೆ ಸ್ವಲ್ಪ ದೂರ ಸರಿ ಇರುತ್ತದೆ. ಆಮೇಲೆ ಹಿಂದಿನ ಲೈಟು, ಮೀಟರ್ ಲೈಟು, ನಂಬರ್ ಪ್ಲೇಟ್ ಲೈಟು ಎಲ್ಲಾ ಒಟ್ಟಿಗೆ ಆರಿಹೋಗುತ್ತವೆ. 20 ಆಂಪ್ ಹಾಕಿ ನೋಡು ಅಂತ ಒಬ್ಬರು ಹೇಳಿದರು. ಹಾಕಬಹುದಾ? ಗೊತ್ತಿರುವವರು ಹೇಳಿ.

ಹಾಸನದಿಂದ:
ಅಣ್ಣಾ, 20 ಆಂಪ್ ಖಂಡಿತ ಬೇಡ. ಫ್ಯೂಸ್ ಕಾಯುವುದು ವೈರನ್ನು. ಆ ಸಣ್ಣ ವೈರ್ ಎಷ್ಟು ತಡೆಯುತ್ತದೆ ಅಂತ ನೋಡಿಯೇ 10 ಕೊಟ್ಟಿರುತ್ತಾರೆ. 20 ಹಾಕಿದರೆ ಫ್ಯೂಸ್ ಉಳಿದು ಡ್ಯಾಶ್‌ಬೋರ್ಡ್ ಒಳಗೆ ವೈರ್ ಕರಗುತ್ತದೆ. ಅದು ಪಕ್ಕದ ವೈರ್‌ಗಳನ್ನೂ ಸುಟ್ಟು ಹೊತ್ತಿಕೊಂಡರೆ ಗಾಡಿಯೇ ಹೋಗುತ್ತದೆ. ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವುದು ಇನ್ನೂ ಅಪಾಯ. ಕೆಂಪು ಫ್ಯೂಸ್ 10, ನೀಲಿ 15, ಹಳದಿ 20. ನಿಮ್ಮ ಡಬ್ಬಿಯಲ್ಲಿ ಈಗಾಗಲೇ ಯಾರಾದರೂ ಅದಲು ಬದಲು ಮಾಡಿದ್ದಾರಾ, ಮುಚ್ಚಳದ ಮೇಲಿನ ಚಿತ್ರ ಇಟ್ಟುಕೊಂಡು ನೋಡಿಬಿಡಿ.

ಈಗ ಲೆಕ್ಕ ನೋಡಿ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟ್‌ಗೆ ಒಂದು, ಎಲ್ಲಾ 5 ವ್ಯಾಟ್ ಬಲ್ಬುಗಳು. ಮೀಟರ್ ಲೈಟು ಸೇರಿಸಿದರೂ 35 ವ್ಯಾಟ್ ಆಸುಪಾಸು. 12 ವೋಲ್ಟ್‌ಗೆ 3 ಆಂಪ್ ಅಷ್ಟೇ. ಅಂದರೆ 10 ಆಂಪ್ ಫ್ಯೂಸಿಗೆ ಇದು ಏನೂ ಅಲ್ಲ. ಒಂದೋ ಎಲ್ಲೋ ವೈರ್ ಗಾಡಿಯ ಲೋಹದ ಮೈಗೆ ತಾಗಿ ಶಾರ್ಟ್ ಆಗುತ್ತಿದೆ, ಇಲ್ಲಾ ಈ ಲೈನಿನಿಂದ ಬೇರೆ ಏನೋ ಎಳೆದುಕೊಂಡಿದ್ದಾರೆ.

ಹೋದ ಫ್ಯೂಸನ್ನು ಬಿಸಾಡಬೇಡಿ, ಬೆಳಕಿಗೆ ಹಿಡಿದು ನೋಡಿ. ಒಳಗೆ ಕಪ್ಪು ಮಸಿ ಚಿಮ್ಮಿದ್ದರೆ ನೇರ ಶಾರ್ಟ್. ಮಧ್ಯದ ಎಳೆ ಮಾತ್ರ ಸುಮ್ನೆ ಕರಗಿ ತುಂಡಾಗಿದ್ದರೆ ಕರೆಂಟಿನ ಲೋಡ್ ಜಾಸ್ತಿ ಆಗಿದೆ. ಎಳೆ ಚೆನ್ನಾಗಿದ್ದು ಪ್ಲಾಸ್ಟಿಕ್ ಮಾತ್ರ ಕರಗಿದ್ದರೆ ಫ್ಯೂಸ್ ಡಬ್ಬಿಯ ಪಿನ್ ಸಡಿಲ ಇದೆ ಅಂತ.

ಇನ್ನು ಫ್ಯೂಸ್ ಸುಡುತ್ತಾ ಹುಡುಕಬೇಡಿ. ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಫ್ಯೂಸ್ ಜಾಗದ ಎರಡು ಪಿನ್ನಿಗೆ ಕೊಡಿ. ಪಾರ್ಕಿಂಗ್ ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಈ ಬಲ್ಬ್ ಪೂರ್ತಿ ಉರಿಯುತ್ತದೆ, ಗಾಡಿಯ ಲೈಟುಗಳು ಆರಿರುತ್ತವೆ. ಶಾರ್ಟ್ ಇಲ್ಲದಿದ್ದರೆ ಇದೂ ಮಂಕು, ಅವೂ ಮಂಕು. ಎಷ್ಟೇ ಶಾರ್ಟ್ ಇದ್ದರೂ 2 ಆಂಪ್ ಆಸುಪಾಸಿಗಿಂತ ಜಾಸ್ತಿ ಹರಿಯಲು ಈ ಬಲ್ಬ್ ಬಿಡುವುದಿಲ್ಲ, ವೈರ್ ಸುಡುವ ಭಯ ಇಲ್ಲ. ಒಬ್ಬರು ಬಲ್ಬ್ ನೋಡುತ್ತಾ ಕೂತಿರಲಿ, ನೀವು ಮುಂದಿನಿಂದ ಹಿಂದಿನವರೆಗೆ ವೈರಿಂಗ್ ಅಲುಗಾಡಿಸುತ್ತಾ ಬನ್ನಿ. ಮಂಕಾಗಿದ್ದ ಬಲ್ಬ್ ಝಗ್ಗನೆ ಉರಿದ ಕಡೆ ಕೈ ನಿಲ್ಲಿಸಿ.

ಮಲ್ಟಿಮೀಟರ್ ಇಟ್ಟು ಬೀಪ್ ಕೇಳುವವರಿಗೂ ಒಂದು ಮಾತು. ತಣ್ಣಗಿರುವ ಬಲ್ಬಿನ ಎಳೆ ಬಹಳ ಕಡಿಮೆ ಓಮ್ ತೋರಿಸುತ್ತದೆ. ಎಲ್ಲಾ ಬಲ್ಬ್ ಕಳಚಿಯೇ ನೋಡಬೇಕು, ಇಲ್ಲದಿದ್ದರೆ ಚೆನ್ನಾಗಿರುವ ಲೈನೂ ಶಾರ್ಟ್ ಅಂತ ಕಾಣುತ್ತದೆ.

ರಾಣೆಬೆನ್ನೂರಿನಿಂದ:
ಆಯುಧ ಪೂಜೆಗೆ ಅಂತ ಏನಾದರೂ ಲೈಟ್ ಹಾಕಿಸಿದ್ದೀರಾ ಸರ್? ನಮ್ಮ ಕಡೆ ಫಾಗ್ ಲೈಟು, ಸಾಲು ಲೈಟು ಎಲ್ಲವನ್ನೂ ಪಾರ್ಕಿಂಗ್ ಲೈನಿಗೇ ಕೊಟ್ಟಿರುತ್ತಾರೆ. 55 ವ್ಯಾಟಿನ ಎರಡು ಫಾಗ್ ಲೈಟ್ ಅಂದರೆ 9 ಆಂಪ್ ಅಲ್ಲೇ ಆಯಿತು. ಮೊದಲಿನ 3 ಸೇರಿ 12. ಇಷ್ಟಕ್ಕೆ ಫ್ಯೂಸ್ ಕೂಡಲೇ ಹೋಗುವುದಿಲ್ಲ, ಕಾದು ಕಾದು ಆಮೇಲೆ ಹೋಗುತ್ತದೆ. ಸ್ವಲ್ಪ ದೂರ ಸರಿ ಇರುತ್ತದೆ ಅಂದಿರಲ್ಲ, ಅದಕ್ಕೇ ಕೇಳಿದೆ. ಹಾಗಿದ್ದರೆ ಬ್ಯಾಟರಿಯಿಂದ ಬೇರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕಿ ಲೈನ್ ಕೊಡಿಸಿ.

ಸಾಗರದಿಂದ:
ನಮ್ಮಲ್ಲಿ ಮಳೆಗಾಲದ ಕಥೆ ಬೇರೆ. ಹಿಂದಿನ ಲೈಟಿನ ರಬ್ಬರ್ ಹೋಗಿ ನೀರು ಇಳಿದು ಹೋಲ್ಡರ್ ತುಕ್ಕು ಹಿಡಿಯುತ್ತದೆ. ಪಿನ್ನಿನ ಹಿಂದಿನ ಸ್ಪ್ರಿಂಗ್ ಓರೆಯಾಗಿ ಲೋಹದ ಮೈಗೆ ತಾಗುತ್ತದೆ. ಗಾಡಿ ಅಡಿಕೆ ಗೋಡೌನ್ ಹತ್ತಿರ ನಿಂತರೆ ಇಲಿ ಕಾಟವೂ ಉಂಟು, ಬಾನೆಟ್ ಒಳಗೆ ನೋಡಿ.

ಚಿಂತಾಮಣಿಯಿಂದ:
ತುಂಬಾ ಉಪಕಾರ ಆಯಿತು. ಹೆಚ್ಚುವರಿ ಲೈಟ್ ಯಾವುದೂ ಇಲ್ಲ. ಫ್ಯೂಸ್ ಒಳಗೆ ಮಸಿ ಇದೆ. ಬಲ್ಬ್ ಕೊಟ್ಟು ನೋಡಿದೆ, ಖಾಲಿ ಗಾಡಿ ನಿಂತಿರುವಾಗ ಮಂಕಾಗಿಯೇ ಇದೆ. ಕ್ರೇಟ್ ತುಂಬಿದ ಮೇಲೆ ಪೂರ್ತಿ ಉರಿಯಿತು. ಕ್ಯಾಬಿನ್ ಹಿಂದಿನ ಕಪ್ಲರ್ (ಹಿಂದಕ್ಕೆ ಹೋಗುವ ವೈರ್‌ಗಳ ಜೋಡಣೆ) ಕಳಚಿದರೆ ಮತ್ತೆ ಮಂಕಾಗುತ್ತದೆ.

ಹಾಸನದಿಂದ:
ಹಾಗಾದರೆ ಶಾರ್ಟ್ ಕಪ್ಲರಿನಿಂದ ಹಿಂದೆ ಇದೆ. ಮುಂದಿನ ಅರ್ಧ ಮುಟ್ಟಲೇಬೇಡಿ, ಸ್ವಿಚ್ಚು ಡ್ಯಾಶ್‌ಬೋರ್ಡು ಬಿಚ್ಚುವ ಖರ್ಚು ಉಳಿಯಿತು. ಲೋಡ್ ಬಿದ್ದಾಗ ಪಟ್ಟಾ (ಹಿಂದಿನ ಸ್ಪ್ರಿಂಗ್ ಪಟ್ಟಿಗಳು) ಬಗ್ಗುತ್ತದೆ, ಆಕ್ಸಲ್ ಛಾಸಿಗೆ ಹತ್ತಿರ ಬರುತ್ತದೆ. ಛಾಸಿ ಪಕ್ಕ ಹೋಗುವ ವೈರಿಂಗಿನ ಕ್ಲಿಪ್ ಮುರಿದು ಜೋತುಬಿದ್ದಿದ್ದರೆ ಆಗ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನ ಆಕ್ಸಲ್ ಮೇಲ್ಭಾಗ, ಪಟ್ಟಾ ಬ್ರಾಕೆಟ್, ಲೋಡ್ ಬಾಡಿ ಕೂರುವ ಬೋಲ್ಟುಗಳು, ಇಷ್ಟು ಕಡೆ ಮೊದಲು ನೋಡಿ. ಲೋಡ್ ಇರುವಾಗ ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಸಾಕು. ಕೈ ಹಾಕುವುದು ಗಾಡಿ ಖಾಲಿ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ.

ಸಿಕ್ಕಿದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲಸ ಶುರು ಮಾಡಿ. ಸಿಪ್ಪೆ ಹೋದ ಜಾಗಕ್ಕೆ ಟೇಪ್ ಸುತ್ತಿ ಬಿಡಬೇಡಿ, ಕೆಸರು ನೀರಿಗೆ ಟೇಪ್ ನಿಲ್ಲುವುದಿಲ್ಲ. ಆ ತುಂಡು ಕತ್ತರಿಸಿ ಅದೇ ದಪ್ಪದ ಹೊಸ ವೈರ್ ಬೆಸುಗೆ ಹಾಕಿ, ಬೆಸುಗೆ ಮುಚ್ಚುವ ಸ್ಲೀವ್ ಏರಿಸಿ. ಮೇಲೆ ಸುರುಳಿ ಪೈಪ್ ಹಾಕಿ ಛಾಸಿಗೆ ಕಟ್ಟಿ. ಆಮೇಲೂ 10 ಆಂಪ್ ಹಾಕುವ ಮೊದಲು ಪೂರ್ತಿ ಲೋಡ್ ತುಂಬಿ, ಅದೇ ಬಲ್ಬ್ ಕೊಟ್ಟು ಇನ್ನೊಮ್ಮೆ ನೋಡಿ.